ಲೀಲಮ್ಮನ ಲೆನ್ಸು, ನನ್ನ ಕೈಗುಣ

2 ನವೆಂಬರ್ 2003, ಭಾನುವಾರ

ನಿನ್ನೆ ನಮ್ಮ ಕನ್ನಡ ಬಳಗದ ರಾಜ್ಯೋತ್ಸವ. ಲೋಧಿ ಕಾಲೋನಿಯ ಸಮುದಾಯ ಭವನದಲ್ಲಿ ಎಂದಿನಂತೆ ಬಾವುಟ, ಭಾಷಣ, ಬಿಸಿಬೇಳೆಬಾತು. ಹೊಸದಾಗಿ ಕಂಡದ್ದು ಒಂದೇ. ಘಾಜಿಯಾಬಾದಿನಿಂದ ಬಂದಿದ್ದ ಹೆಂಗಸೊಬ್ಬಳ ಕೊರಳಲ್ಲಿ ನನ್ನದೇ ಬಗೆಯ ಹಳೆಯ ರಷ್ಯನ್ ಕ್ಯಾಮರಾ ನೇತಾಡುತ್ತಿತ್ತು. ನನ್ನದಕ್ಕೆ ಐವತ್ತು ಮಿಲಿಮೀಟರಿನ ಲೆನ್ಸು. ಅವಳದಕ್ಕೆ ಉದ್ದ ಮೂತಿಯದೊಂದು, ಎಂಬತ್ತೈದರದು. ಕ್ಯಾಮರಾದ ನೆತ್ತಿಯ ಮೇಲೆ ನೋಡುವುದಕ್ಕೆಂದು ಇನ್ನೊಂದು ಪುಟ್ಟ ಕೊಳವೆ ಬೇರೆ. ಜನ ಅದನ್ನು ನೋಡಿದ್ದೇ ನೋಡಿದ್ದು.

ಹೆಸರು ಲೀಲಮ್ಮ. ಸರ್ವೆ ಇಲಾಖೆಯಲ್ಲಿದ್ದ ವೆಂಕಟಸುಬ್ಬಯ್ಯನ ಹೆಂಡತಿ. ಆತ ತೀರಿಕೊಂಡ ಮೇಲೆ ಅದೇ ಕಚೇರಿಯಲ್ಲಿ ಅನುಕಂಪದ ನೌಕರಿ ಸಿಕ್ಕಿದೆಯಂತೆ. ಕ್ಯಾಮರಾ ಗಂಡನದಂತೆ. ಗಂಡನ ಕ್ಯಾಮರಾ ಕೊರಳಿಗೆ ಹಾಕಿಕೊಂಡವರೆಲ್ಲ ಫೋಟೋಗ್ರಾಫರ್ ಆಗುವುದಾದರೆ ಗಂಡನ ಕನ್ನಡಕ ಹಾಕಿಕೊಂಡವರೆಲ್ಲ ಪಂಡಿತರಾಗಬೇಕಿತ್ತು.

ನಾನು ಕೂರಿಸಿ, ನಿಲ್ಲಿಸಿ, ಎತ್ತರದವರನ್ನು ಹಿಂದಕ್ಕೆ ಕಳಿಸಿ ಫೋಟೋ ತೆಗೆಯುತ್ತಿದ್ದರೆ, ಅವಳು ದೂರದ ಮೂಲೆಯಲ್ಲಿ ಕಂಬಕ್ಕೆ ಒರಗಿ ಸುಮ್ಮನೆ ಇದ್ದಳು. ಕ್ಲಿಕ್ಕಿಸಿದ್ದು ಯಾರಿಗೂ ಗೊತ್ತಾಗಲಿಲ್ಲ. ಇದೇನು ಫೋಟೋ ತೆಗೆಯುವುದೋ ಕದಿಯುವುದೋ.

ದಿಲ್ಲಿಯ ನಮ್ಮ ಜನರಲ್ಲಿ ಹೆಣ್ಣುಮಗಳ ಜಾತಕ ಹೊರಡಿಸುವ ಮೊದಲು ಭಾನುವಾರ ಬೆಳಿಗ್ಗೆ ರೇಷ್ಮೆ ಸೀರೆ ಉಡಿಸಿ ನಮ್ಮ ಕ್ವಾರ್ಟರ್ಸಿನ ವರಾಂಡಕ್ಕೆ ಕರೆತರುತ್ತಾರೆ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ. ದುಡ್ಡು ನಾನು ಮುಟ್ಟುವುದಿಲ್ಲ. ಸಂಬಂಧ ಕುದುರಿದರೆ ಮೊದಲ ಸಿಹಿ ನನ್ನ ಮನೆಗೆ ಬರಬೇಕು, ಅಷ್ಟೆ. ಸೂರ್ಯನಾರಾಯಣ ರಾಯರ ಕೈಗುಣ ಎನ್ನುತ್ತಾರೆ. ನಾನು ಬೇಡ ಎಂದವನಲ್ಲ.

ನನ್ನ ಮಗಳು ಸ್ಫೂರ್ತಿಯ ಮಟ್ಟಿಗೆ ಮಾತ್ರ ಆ ಗುಣ ಇನ್ನೂ ಕೆಲಸ ಮಾಡಿಲ್ಲ. ಇಪ್ಪತ್ತಾರು ಮುಗಿಯಿತು. ಓಖ್ಲಾದ ರಫ್ತು ಕಂಪನಿಯಲ್ಲಿ ಕೆಲಸ, ಕೈತುಂಬ ಸಂಬಳ, ಆದರೂ ಕಳಿಸಿದ ಫೋಟೋಗಳು ಜಾತಕದ ಸಮೇತ ವಾಪಸ್ ಬರುತ್ತಿವೆ. ಅವಳಮ್ಮ ರತ್ನಪ್ರಭಾ ಹೋಗಿ ಮೂರು ವರ್ಷವಾಯಿತು. ಅವಳಿದ್ದಿದ್ದರೆ ಯಾರ್ಯಾರನ್ನೋ ಹಿಡಿದು ಹೇಗೋ ಮಾಡುತ್ತಿದ್ದಳು.

16 ನವೆಂಬರ್, ಭಾನುವಾರ

ಬಳಗದ ಸಭೆಯಲ್ಲಿ ಲೀಲಮ್ಮನ ಫೋಟೋಗಳು ಕೈಯಿಂದ ಕೈಗೆ ಹೋದವು. ನನ್ನ ಫೋಟೋಗಳೂ ಬಂದಿದ್ದವು. ಅವನ್ನು ಮೇಜಿನ ಮೇಲಿಟ್ಟರು, ಯಾರೋ ಅವುಗಳ ಮೇಲೆ ಕಾಫಿ ಲೋಟ ಇಟ್ಟರು.

ನಮ್ಮ ಹಿರಿಯ ಈಶ್ವರಪ್ಪನವರ ಮುಖವೊಂದನ್ನು ತೆಗೆದಿದ್ದಾಳೆ. ಏನನ್ನೋ ಕೇಳಿಸಿಕೊಳ್ಳುತ್ತಾ ನಗು ಬರುವುದಕ್ಕೆ ಒಂದು ಗಳಿಗೆ ಮುಂಚಿನ ಮುಖ. ನಾನು ಜೇಬಿನಿಂದ ಭೂತಗನ್ನಡಿ ತೆಗೆದು ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಹುಡುಕಿದೆ. ಕಣ್ಣಿನ ರೆಪ್ಪೆ ಒಂದೊಂದೂ ಎದ್ದು ಕಾಣುತ್ತಿತ್ತು. ಕಿವಿಯ ಹತ್ತಿರ ಸ್ವಲ್ಪ ಮಸುಕು. ಹಿಂದಿದ್ದ ಜನ, ಕುರ್ಚಿ, ಬಾವುಟ ಎಲ್ಲ ಕರಗಿ ಹೋಗಿದ್ದವು.

“ಕಿವಿ ಸರಿಯಾಗಿ ಬಂದಿಲ್ಲ” ಎಂದೆ.

“ಕಿವಿ ನೋಡೋಕೆ ಯಾರಪ್ಪಾ ಫೋಟೋ ತೆಗೆಸ್ಕೋತಾರೆ” ಎಂದರು ಈಶ್ವರಪ್ಪನವರು. ಎಲ್ಲರೂ ನಕ್ಕರು.

ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು. ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಐವತ್ತರಲ್ಲಿ ಮುಖ ತುಂಬಿಸಲು ಹೋದರೆ ತೀರಾ ಹತ್ತಿರ ಹೋಗಬೇಕು, ಮೂಗು ದಪ್ಪಗಾಗುತ್ತದೆ. ದೂರ ನಿಂತರೆ ಮುಖ ಬಟಾಣಿಯಷ್ಟಾಗುತ್ತದೆ. ಎಂಬತ್ತೈದಾದರೆ ಐದಡಿ ಆಚೆ ನಿಂತರೂ ಮುಖ ತುಂಬಿ ಬರುತ್ತದೆ, ಮೂಗು ಮೂಗಿನಷ್ಟೇ ಇರುತ್ತದೆ. ಲೆನ್ಸಿನ ಮಹಿಮೆ, ಅವಳದೇನಿದೆ.

ಹೊರಡುವಾಗ ತಾನೇ ಬಂದಳು. “ರಾಯರೇ, ನಿಮ್ಮ ಕ್ಯಾಮರಾಗೂ ಇದು ಕೂರುತ್ತೆ. ಬೇಕಿದ್ರೆ ಒಂದು ವಾರ ಹಾಕಿ ನೋಡಿ.”

“ನನಗೆ ಐವತ್ತೇ ಸಾಕು” ಎಂದೆ. ಬಸ್ಸು ಹತ್ತಿದ ಮೇಲೆ ನನ್ನ ನಾಲಿಗೆಯನ್ನೇ ಬೈದುಕೊಂಡೆ.

23 ನವೆಂಬರ್, ಭಾನುವಾರ

ಬಳಗದ ಖಜಾಂಚಿ ಚಂದ್ರಶೇಖರ ಬಂದಿದ್ದ. ಮಗಳು ಧನ್ಯಾಳ ಫೋಟೋ ಆಗಬೇಕು. ಮೈಸೂರಿನ ಒಳ್ಳೆಯ ಕಡೆಯ ಸಂಬಂಧ, ಅವರು ಆತುರದಲ್ಲಿದ್ದಾರೆ. ಸದ್ಯ, ನನ್ನ ಹತ್ತಿರವೇ ಬಂದನಲ್ಲ ಎಂದು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಕಾಫಿ ಕುಡಿದು ಮುಗಿಸಿ ಹೇಳಿದ. “ಸೂರಿ, ಕೈ ನಿಂದೇ ಆಗಬೇಕು ಅಂತ ನಮ್ಮನೆಯವಳು ಶಾಂತಮ್ಮ ಹಟ ಹಿಡಿದಿದ್ದಾಳೆ. ಆದ್ರೆ ಆ ಲೀಲಮ್ಮ ತೆಗೀತಾರಲ್ಲ, ಹಿಂದೆ ಮಸುಕಾಗಿ, ಮುಖ ಮಾತ್ರ ಎದ್ದು ಬರೋ ಥರ. ಹಂಗೆ ಬರುತ್ತಾ?”

“ಬರುತ್ತೆ” ಎಂದೆ.

ಬಂದೀತು ಹೇಗೆ? ಲೆನ್ಸು ಕೊಳ್ಳಲೇಬೇಕು.

29 ನವೆಂಬರ್, ಶನಿವಾರ

ಚಾಂದನಿ ಚೌಕದ ಕ್ಯಾಮರಾ ಗಲ್ಲಿಗೆ ಹೋಗಿದ್ದೆ. ಒಂದು ಅಂಗಡಿಯ ಮಾಲೀಕ ಅಟ್ಟ ಹತ್ತಿ ಧೂಳು ಒರೆಸಿ ಒಂದನ್ನು ಕೆಳಗಿಳಿಸಿದ. ರಷ್ಯನ್ನೇ, ಎಂಬತ್ತೈದೇ, ಥೇಟ್ ಲೀಲಮ್ಮನದೇ. “ಲೇ ಜಾಯಿಯೇ ಬಾಬೂಜಿ, ಏಕ್‌ದಮ್ ಫಿಟ್” ಎಂದ. ನನ್ನ ಕ್ಯಾಮರಾಕ್ಕೆ ತಿರುಗಿಸಿದರೆ ಬೆಣ್ಣೆಯಲ್ಲಿ ಬೆರಳಾಡಿಸಿದಷ್ಟು ಸಲೀಸಾಗಿ ಕೂತಿತು. ನೆತ್ತಿಗೆ ಹಾಕುವ ಕೊಳವೆಯೂ ಸಿಕ್ಕಿತು.

ಸ್ಫೂರ್ತಿ ಕೇಳಿದಳು, “ಅಪ್ಪಾ, ಒಂದು ರೋಲ್ ಟ್ರೈ ಮಾಡಿ ನೋಡಲ್ವಾ?”

ಇಷ್ಟು ವರ್ಷದ ಕೈಗೆ ಪರೀಕ್ಷೆ ಏಕೆ ಎಂದೆ. “ಅಚ್ಛಾ” ಎಂದು ಒಳಗೆ ಹೋದಳು. ಅವಳ ಆ “ಅಚ್ಛಾ” ನನಗೆ ಹಿಡಿಸುವುದಿಲ್ಲ.

7 ಡಿಸೆಂಬರ್, ಭಾನುವಾರ

ಧನ್ಯಾಳ ಫೋಟೋ ಆಯಿತು.

ಒಂದು ಸಣ್ಣ ತೊಡಕು. ಈ ಕ್ಯಾಮರಾದಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಿಂದ ನೋಡಬೇಕು. ನಡುವಿನ ಹಳದಿ ಚೌಕದಲ್ಲಿ ಮುಖ ಎರಡೆರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸುತ್ತಾ ಎರಡನ್ನೂ ಒಂದರ ಮೇಲೊಂದು ಕೂರಿಸಿದರೆ ಫೋಕಸ್ ಆಯಿತೆಂದು ಅರ್ಥ. ಇವತ್ತು ಎಷ್ಟು ತಿರುಗಿಸಿದರೂ ಧನ್ಯಾ ಇಬ್ಬರಾಗಿಯೇ ಉಳಿದಳು. ಚಂದ್ರಶೇಖರ, ಶಾಂತಮ್ಮ, ಹುಡುಗಿಯ ಅಜ್ಜಿ, ಎಲ್ಲ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದಾರೆ. ಹಳೆಯ ಕ್ಯಾಮರಾ, ಒಳಗೆ ಧೂಳು ಸೇರಿರಬೇಕು ಎಂದುಕೊಂಡು ರತ್ನಪ್ರಭಾಳ ಹೊಲಿಗೆ ಟೇಪು ತರಿಸಿ, ಲೆನ್ಸಿನಿಂದ ಹುಡುಗಿಯ ಮೂಗಿನ ತನಕ ಅಳೆದು, ಲೆನ್ಸಿನ ಮೇಲೆ ಅದೇ ಅಂಕಿ ಇಟ್ಟು ತೆಗೆದೆ.

“ಏನ್ರೀ ಇದು, ರವಿಕೆ ಹೊಲೀತೀರಾ?” ಎಂದಳು ಅಜ್ಜಿ. ಹೊಸ ವಿಧಾನ ಎಂದೆ.

ಕಿಟಕಿಯಲ್ಲಿ ಹುಡುಗಿ ನಿಚ್ಚಳವಾಗಿ ಕಾಣುತ್ತಿದ್ದಳು. ಚೆನ್ನಾಗಿಯೇ ಬಂದಿರುತ್ತದೆ.

10 ಡಿಸೆಂಬರ್, ಬುಧವಾರ

ಸ್ಟುಡಿಯೋದಿಂದ ಪ್ರಿಂಟು ಬಂತು. ಒಂದರಲ್ಲೂ ಮುಖವಿಲ್ಲ. ಬಚ್ಚಲ ಕೋಣೆಯ ಆವಿ ಹಿಡಿದ ಕನ್ನಡಿಯಲ್ಲಿ ನೋಡಿದ ಹಾಗೆ ಒಂದು ಕೆಂಪು ಸೀರೆ, ಅದರ ಮೇಲೆ ಒಂದು ಗೋಧಿ ಬಣ್ಣದ ಉಂಡೆ. ಇಡೀ ರೋಲು ಹೀಗೇ.

ಸ್ಟುಡಿಯೋದವನ ಜೊತೆ ಜಗಳವಾಡಿದೆ. ಕೆಮಿಕಲ್ ಹಳತಾಗಿದೆ ಎಂದೆ. ಅವನು ಅದೇ ದಿನ ತೊಳೆದ ಬೇರೆಯವರ ರೋಲು ತೋರಿಸಿ ಬಾಯಿ ಮುಚ್ಚಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನಿಗೆ ಗೊತ್ತಿಲ್ಲ, ಪುಣ್ಯ.

ಚಂದ್ರಶೇಖರನಿಗೆ ಫೋನು ಮಾಡಿ ಮತ್ತೆ ಕರೆತಾ ಎಂದೆ. ಅವನು ತಡವರಿಸಿದ. “ನಾಳೆನೇ ಪೋಸ್ಟ್ ಮಾಡ್ಬೇಕಿತ್ತು ಸೂರಿ. ಲೀಲಮ್ಮನ ಕೈಲಿ ತೆಗೆಸಿಬಿಡ್ತೀನಿ, ಬೇಜಾರು ಮಾಡ್ಕೋಬೇಡ.”

ಇಲ್ಲಪ್ಪ, ನನಗ್ಯಾಕೆ ಬೇಜಾರು ಎಂದೆ.

28 ಡಿಸೆಂಬರ್, ಭಾನುವಾರ

ಧನ್ಯಾಳ ನಿಶ್ಚಿತಾರ್ಥ ಗೊತ್ತಾಯಿತು. ಫೋಟೋ ನೋಡಿದ ದಿನವೇ ಹುಡುಗನ ತಾಯಿ ಒಪ್ಪಿದಳಂತೆ. ಮೊದಲ ಪೇಡೆ ಘಾಜಿಯಾಬಾದಿಗೆ ಹೋಯಿತು. ನನಗೆ ಸಿಕ್ಕಿದ್ದು ಎರಡನೆಯ ದಿನ, ಚಪ್ಪಟೆಯಾದ ಡಬ್ಬಿಯಲ್ಲಿ, ಚಂದ್ರಶೇಖರನ ಸ್ಕೂಟರಿನ ಡಿಕ್ಕಿಯಿಂದ.

ತಿನ್ನಲಿಲ್ಲ. ಹೊರಗೆ ಮಂಜು, ಒಳಗೆ ಹೀಟರು, ನನ್ನೊಳಗೆ ಬೇರೆಯೇ ಒಲೆ. ಇಪ್ಪತ್ತು ವರ್ಷದ ನನ್ನ ಹೆಸರನ್ನು ಆ ಹೆಂಗಸು ಒಂದು ಲೆನ್ಸಿನಿಂದ ಕಿತ್ತುಕೊಂಡಳು. ಅವಳ ಮೇಲಿನ ಹೊಟ್ಟೆಕಿಚ್ಚು ಎಷ್ಟಿದೆಯೆಂದರೆ ಅವಳ ಹೆಸರು ಬಂದರೆ ಊಟ ಸೇರುವುದಿಲ್ಲ. ಬರೆಯಲು ನಾಚಿಕೆಯಿಲ್ಲ, ಇದನ್ನು ಓದುವವರು ಯಾರೂ ಇಲ್ಲ.

18 ಜನವರಿ 2004, ಭಾನುವಾರ

ಬಳಗದಲ್ಲಿ ಸಂಕ್ರಾಂತಿ. ಹೆಂಗಸರು ಎಳ್ಳುಬೆಲ್ಲ ಬೀರುತ್ತಿದ್ದರು. ಶಾಂತಮ್ಮನ ಸುತ್ತ ಮೂರು ಜನ ತಾಯಂದಿರು. ಮಾತೆಲ್ಲ ಒಂದೇ, ನಮ್ಮ ಹುಡುಗಿಯದೂ ಲೀಲಮ್ಮನ ಕೈಲೇ ತೆಗೆಸಬೇಕು. ಲೀಲಮ್ಮ ಅಡುಗೆಮನೆಯಲ್ಲಿ ಪೊಂಗಲ್ ಬಡಿಸುವ ಕಡೆ ಇದ್ದಳು. ನಾನು ಎಳ್ಳುಬೆಲ್ಲಕ್ಕೆ ಕೈಯೊಡ್ಡಿ ನಿಂತಿದ್ದೆ.

“ಶಾಂತಮ್ಮ, ನಿಶ್ಚಿತಾರ್ಥ ಆಗಿದೆ ಅಷ್ಟೆ, ಮದುವೆ ಸುಸೂತ್ರ ಆಗಲಿ. ಕುಂಕುಮ ಇಲ್ಲದ ಹಣೆ ಎದುರಿಗೆ ಮದುವೆ ಹುಡುಗೀನ ಕೂರಿಸೋದು ನಮ್ಮಲ್ಲಿ ಉಂಟಾ? ನಾನೇನೂ ಹೇಳಲ್ಲಪ್ಪ, ನಿಮಗೆ ಬಿಟ್ಟಿದ್ದು.”

ಇಷ್ಟೇ. ನಗುತ್ತಲೇ ಹೇಳಿದೆ. ಶಾಂತಮ್ಮನ ಕೈಯಲ್ಲಿದ್ದ ಎಳ್ಳಿನ ಪೊಟ್ಟಣ ಅಲ್ಲೇ ನಿಂತಿತು.

ಸುಳ್ಳೇನೂ ಹೇಳಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ನೆನಪಿಸಿದೆ. ಮನೆಗೆ ಬಂದು ಹೊಟ್ಟೆ ತುಂಬ ಊಟ ಮಾಡಿದೆ.

1 ಫೆಬ್ರವರಿ, ಭಾನುವಾರ

ಬೆಳಿಗ್ಗೆ ಒಂದಾದ ಮೇಲೊಂದು ಎರಡು ಕುಟುಂಬ ನಮ್ಮ ವರಾಂಡಕ್ಕೆ ಬಂದವು. ಎಲೆ ಅಡಿಕೆ, ತೆಂಗಿನಕಾಯಿ, ಎಲ್ಲ ಹಳೆಯ ಕ್ರಮದಂತೆ. ಐವತ್ತರಲ್ಲೇ ತೆಗೆದೆ.

ಧನ್ಯಾಳ ಮದುವೆಗೆ ಲೀಲಮ್ಮನಿಗೆ ಕರೆಯೇ ಹೋಗಿಲ್ಲವಂತೆ. ಇವತ್ತಿನ ಸಭೆಗೂ ಆಕೆ ಬರಲಿಲ್ಲ. ಕಂಬದ ಪಕ್ಕ ಆಕೆ ಕೂರುವ ಕುರ್ಚಿಯ ಮೇಲೆ ಯಾರೋ ಕೋಟು ಎಸೆದಿದ್ದರು. ಖುಷಿಯಾಗಬೇಕಿತ್ತು. ಆಯಿತು ಕೂಡ. ಆದರೆ ಫೋಟೋಗಳನ್ನು ಯಾರಿಗೆ ತೋರಿಸಿ ಮೆಚ್ಚಿಸುವುದೆಂದು ತೋಚದೆ ಬೇಗ ಎದ್ದು ಬಂದೆ.

8 ಫೆಬ್ರವರಿ, ಭಾನುವಾರ

ಲೋಧಿ ಗಾರ್ಡನ್ನಿನಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಾ ಆ ದರಿದ್ರ ಲೆನ್ಸನ್ನು ಮತ್ತೆ ಹಾಕಿ, ಟೇಪು ಹಿಡಿದು ಬೇವಿನ ಮರವೊಂದನ್ನು ಅಳೆಯುತ್ತಿದ್ದೆ. ಹಿಂದಿನಿಂದ ಧ್ವನಿ ಬಂತು. “ರಾಯರೇ, ಅದು ನಮ್ಮ ಕ್ಯಾಮರಾದ್ದಲ್ಲ.”

ಲೀಲಮ್ಮ. ಹುಲ್ಲಿನ ಮೇಲೆ ಇಸ್ಪೀಟು ಆಡುವ ಮುದುಕರ ಫೋಟೋ ತೆಗೆಯಲು ಬಂದಿದ್ದರು. ನನ್ನ ಕೈಯಿಂದ ಲೆನ್ಸು ತೆಗೆದುಕೊಂಡು ತಿರುಗಿಸಿ ಹಿಂಬದಿ ತೋರಿಸಿದರು. “ಇದು ಒಳಗೆ ಕನ್ನಡಿ ಇದ್ದು ಲೆನ್ಸಿಂದಲೇ ನೋಡೋ ಕ್ಯಾಮರಾಗೆ ಮಾಡಿದ್ದು. ರಷ್ಯಾದವರು ಎರಡಕ್ಕೂ ಒಂದೇ ತಿರುಪು ಇಟ್ಟುಬಿಟ್ರು, ಅದಕ್ಕೇ ಕೂರುತ್ತೆ. ಆದ್ರೆ ಫಿಲ್ಮಿಂದ ಇರಬೇಕಾದ ದೂರ ಬೇರೆ. ಫೋಕಸ್ ಆಗೋದೇ ಇಲ್ಲ. ನಮ್ಮೆಜಮಾನರೂ ಒಂದ್ಸಲ ತಂದು ಮೋಸ ಹೋಗಿದ್ರು.”

ಎರಡು ತಿಂಗಳ ಅವಮಾನಕ್ಕೆ ಕಾರಣ ಎರಡು ನಿಮಿಷದಲ್ಲಿ ಗೊತ್ತಾಯಿತು. ಕನ್ನಡಿ ಇರುವ ಕ್ಯಾಮರಾ ಆಗಿದ್ದರೆ ಆ ಮಸುಕು ಕಣ್ಣಿಗೇ ಹೊಡೆಯುತ್ತಿತ್ತು. ನಮ್ಮದರಲ್ಲಿ ಕಿಟಕಿ ಬೇರೆ, ಲೆನ್ಸು ಬೇರೆ. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿರುತ್ತದೆ.

ಅವರು ತಮ್ಮದನ್ನು ಬಿಚ್ಚಿ ನನ್ನ ಕ್ಯಾಮರಾಕ್ಕೆ ಹಾಕಿದರು. ಒಬ್ಬ ಮುದುಕನ ಕಣ್ಣಿನ ಮೇಲೆ ಹಳದಿ ಚೌಕ ಇಟ್ಟೆ. ಎರಡು ಕಣ್ಣುಗಳು ನಿಧಾನವಾಗಿ ಬಂದು ಒಂದಾದವು. “ಕಣ್ಣನ್ನೇ ಹಿಡೀರಿ, ಮೂಗಲ್ಲ. ಆಮೇಲೆ ಮೇಲಿನ ಕೊಳವೆಗೆ ಬನ್ನಿ. ಅದರ ಬುಡದಲ್ಲಿ ದೂರದ ಅಂಕಿ ಇದೆ, ಅದನ್ನೂ ತಿರುಗಿಸಿ, ಇಲ್ದಿದ್ರೆ ನೆತ್ತಿ ಕತ್ತರಿಸಿ ಹೋಗುತ್ತೆ. ಹತ್ತಿರ ಹೋಗ್ಬೇಡಿ. ಹತ್ತಿರ ಹೋದ್ರೆ ಜನ ಮುಖ ಬಿಗಿದ್ಕೋತಾರೆ.”

ಲೆನ್ಸು ವಾಪಸ್ ಕೊಡಲು ಹೋದರೆ ಬೇಡ ಎಂದರು. “ಇರಲಿ, ಸ್ಫೂರ್ತಿ ಫೋಟೋ ತೆಗೀರಿ. ಸಂಕ್ರಾಂತಿಗೆ ಮುಂಚೆ ನನ್ನ ಕೇಳಿದ್ಲು ಅವಳು. ನನಗೀಗ ಯಾರೂ ಕರೆಯೋರಿಲ್ಲ. ಕೈಗೆ ದೋಷ ಇರಬಹುದು, ಗಾಜಿಗಿಲ್ಲವಲ್ಲ.”

ಅವರ ಮುಖ ನೋಡಿದೆ. ಸುಮ್ಮನೆ ಹೇಳಿದ ಹಾಗಿತ್ತು. ಅವರಿಗೇನೂ ಗೊತ್ತಿರಲಾರದು.

ನನ್ನ ಮಗಳು ನನ್ನನ್ನು ಬಿಟ್ಟು ಅವರನ್ನು ಕೇಳಿದ್ದಳು. ದಾರಿಯುದ್ದಕ್ಕೂ ಅದೇ ಚುಚ್ಚುತ್ತಿತ್ತು. ಲೆನ್ಸು ಕೋಟಿನ ಜೇಬಿನಲ್ಲಿ ಭಾರವಾಗಿ ಕೂತಿತ್ತು. ಬೇಕಾದದ್ದು ಕೊನೆಗೂ ಕೈಗೆ ಬಂದಿದೆ.

15 ಫೆಬ್ರವರಿ, ಭಾನುವಾರ

ಸ್ಫೂರ್ತಿಯನ್ನು ವರಾಂಡದಲ್ಲಿ ಕೂರಿಸಿದೆ. ಅವಳಮ್ಮನ ನೇರಳೆ ಸೀರೆ. ಐದಡಿ ದೂರ, ಕಣ್ಣಿನ ಮೇಲೆ ಚೌಕ.

“ಇದು ಲೀಲಾ ಆಂಟಿ ಲೆನ್ಸ್ ಅಲ್ವಾ?”

“ಹೂಂ. ಅಲ್ಲಾಡಬೇಡ.”

“ಆಂಟೀನ ಧನ್ಯಾ ಮದುವೆಗೆ ಕರೀತಾ ಇಲ್ಲ, ಪತಾ ಹೈ? ಯಾರೋ ಹೇಳಿದ್ರಂತೆ, ಗಂಡ ಇಲ್ಲದವರು ಫೋಟೋ ತೆಗೆದ್ರೆ ಅಶುಭ ಅಂತ. ಕ್ಯಾ ಲಾಜಿಕ್ ಹೈ ಯಾರ್. ಅಮ್ಮ ಹೋಗಿ ಮೂರು ವರ್ಷ ಆಯ್ತು. ನಿಮಗೂ ಹೆಂಡತಿ ಇಲ್ಲ ಅಲ್ವಾ ಅಪ್ಪಾ. ಆದ್ರೂ ಎಲ್ಲಾ ನಿಮ್ಮ ಹತ್ರನೇ ಬರ್ತಾರೆ. ನಿಮ್ಮ ಕೈಗೇನೂ ಆಗಲೇ ಇಲ್ಲ.”

ಗಲ್ಲ ಸ್ವಲ್ಪ ಕೆಳಗೆ ಎಂದೆ. ಕ್ಲಿಕ್ಕಿಸಿದೆ.

19 ಫೆಬ್ರವರಿ, ಗುರುವಾರ

ಪ್ರಿಂಟುಗಳು ಬಂದಿವೆ. ಕಣ್ಣು ಚೂಪಾಗಿ ಬಂದಿದೆ, ಕಿವಿ ಕರಗಿದೆ, ಹಿಂದಿನ ಗೋಡೆ ಮಾಯ. ಲೆನ್ಸು ತನ್ನ ಕೆಲಸ ಮಾಡಿದೆ. ಮುಖ ಮಾತ್ರ ನಾನು ಇಷ್ಟು ವರ್ಷ ಐವತ್ತರಲ್ಲಿ ತೆಗೆದ ಅದೇ ಮುಖ. ಬಾಗಿಲು ಹಾಕಿದ ಮನೆಯ ಹಾಗೆ.

ಇಲ್ಲಿಯವರೆಗೆ ಲೆನ್ಸಿಲ್ಲ ಎಂಬ ಸಮಾಧಾನವಾದರೂ ಇತ್ತು. ಲೀಲಮ್ಮನವರ ಮೇಲೆ ಹೊಟ್ಟೆ ಉರಿಯುವುದಕ್ಕೆ ಈಗ ನೆಪವೂ ಇಲ್ಲ, ಉರಿ ಮಾತ್ರ ಇದೆ.

26 ಫೆಬ್ರವರಿ, ಗುರುವಾರ

ಧನ್ಯಾಳ ಮದುವೆ. ಧಾರೆಯ ಹೊತ್ತಿಗೆ ಮಂಟಪದ ಪಕ್ಕದಲ್ಲೇ ನಿಂತು ಫೋಟೋ ತೆಗೆದೆ. ಶಾಂತಮ್ಮ ಜನರನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟಳು. ಅಕ್ಷತೆ ನನ್ನ ಕೈಗೂ ಕೊಟ್ಟರು. ಯಾರೂ ಹಿಂದೆ ನಿಲ್ಲಿ ಎನ್ನಲಿಲ್ಲ. ಹೆಂಡತಿ ಸತ್ತ ಗಂಡಸಿಗೆ ಯಾರೂ ಏನೂ ಅನ್ನುವುದಿಲ್ಲ. ನಾನೂ ಇದುವರೆಗೆ ನನಗೆ ಏನೂ ಅಂದುಕೊಂಡಿರಲಿಲ್ಲ.

ಊಟ ಸೇರಲಿಲ್ಲ.

7 ಮಾರ್ಚ್, ಭಾನುವಾರ

ಲೆನ್ಸು ಹಿಂದಿರುಗಿಸಲು ಘಾಜಿಯಾಬಾದಿಗೆ ಹೊರಟೆ. ಸ್ಫೂರ್ತಿ ತಾನೂ ಬರುತ್ತೇನೆಂದಳು. “ಆಂಟಿ ಕೈಲಿ ಒಂದು ತೆಗೆಸ್ಕೋತೀನಿ” ಎಂದಳು. ಅವಳಿಗೂ ಟಿಕೀಟು ತೆಗೆದೆ.

ಮೂರನೆಯ ಮಹಡಿಯ ಚಿಕ್ಕ ಫ್ಲ್ಯಾಟು. ಲೀಲಮ್ಮನವರು ಬಾಲ್ಕನಿಯ ಬೆಳಕಿಗೆ ಸ್ಟೂಲು ಹಾಕಿ ಸ್ಫೂರ್ತಿಯನ್ನು ಕೂರಿಸಿದರು. ಚೂಡಿದಾರಿನಲ್ಲೇ ಇರಲಿ ಎಂದರು. ನನ್ನನ್ನು ತಮ್ಮ ಹಿಂದೆ, ಭುಜದ ಪಕ್ಕ ನಿಲ್ಲಿಸಿಕೊಂಡರು.

“ಅವಳ ಜೊತೆ ಮಾತಾಡ್ತಾ ಇರಿ ರಾಯರೇ. ನಿಮ್ಮ ಕಡೆ ನೋಡ್ಲಿ.”

“ಗಲ್ಲ ಸ್ವಲ್ಪ...”

“ಅದಲ್ಲ. ಮಾತು.”

ಮಗಳ ಜೊತೆ ಏನು ಮಾತಾಡುವುದು? ಸ್ಫೂರ್ತಿ ನಗುತ್ತಾ ಕಾಯುತ್ತಿದ್ದಳು. “ಏನು ಮಾತಾಡಲಿ” ಎಂದು ಲೀಲಮ್ಮನವರನ್ನೇ ಕೇಳಿದೆ.

ಅವರು ಕೊಳವೆಯಿಂದ ಕಣ್ಣು ತೆಗೆಯಲಿಲ್ಲ. ಧ್ವನಿಯೂ ಏರಲಿಲ್ಲ. “ಸಂಕ್ರಾಂತಿ ದಿನ ಶಾಂತಮ್ಮನಿಗೆ ಹೇಳಿದ್ರಲ್ಲ. ಅದನ್ನೇ ಹೇಳಿ.”

ಗೊತ್ತಿತ್ತು. ಗಾರ್ಡನ್ನಿನಲ್ಲಿ ಲೆನ್ಸು ಬಿಚ್ಚಿ ನನ್ನ ಕ್ಯಾಮರಾಕ್ಕೆ ಹಾಕುವಾಗಲೂ ಅವರಿಗೆ ಗೊತ್ತಿತ್ತು.

ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಅವರು ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಿದ್ದರು. ಅದನ್ನು ನೋಡಿ ಜಾರಿಕೊಳ್ಳಲು ನಾಚಿಕೆಯಾಯಿತು.

“ಸ್ಫೂರ್ತಿ, ನೀನು ಆವತ್ತು ಯಾರೋ ಹೇಳಿದ್ರಂತೆ ಅಂದೆಯಲ್ಲ. ಅದು ನಾನೇ. ಕುಂಕುಮ ಇಲ್ಲದ ಹಣೆ ಎದುರಿಗೆ ಮದುವೆ ಹುಡುಗೀನ ಕೂರಿಸೋದು ನಮ್ಮಲ್ಲಿ ಉಂಟಾ ಅಂದೆ. ನಾನೇನೂ ಹೇಳಲ್ಲಪ್ಪ, ನಿಮಗೆ ಬಿಟ್ಟಿದ್ದು ಅಂದೆ. ಇವರ ಫೋಟೋ ನನ್ನದಕ್ಕಿಂತ ಚೆನ್ನಾಗಿದ್ವು, ಅದಕ್ಕೇ ಅಂದೆ.”

ಕ್ಲಿಕ್ಕಾಯಿತು. ಲೀಲಮ್ಮನವರು ಫಿಲ್ಮು ತಿರುಗಿಸಿದರು. ಇನ್ನೊಂದು ತೆಗೆಯಲಿಲ್ಲ. “ಬಂತು” ಎಂದು ಕ್ಯಾಮರಾ ಕೆಳಗಿಟ್ಟು ಕಾಫಿ ಮಾಡಲು ಒಳಗೆ ಹೋದರು. ಸ್ಫೂರ್ತಿಯೂ ಅವರ ಹಿಂದೆಯೇ ಹೋದಳು. ನಾನು ಬಾಲ್ಕನಿಯಲ್ಲಿ ಉಳಿದೆ. ನನಗೂ ಒಂದು ಲೋಟ ಬಂತು. ಕ್ಷಮಿಸಿ ಎಂದೆ. “ಕುಡೀರಿ, ಆರಿಹೋಗುತ್ತೆ” ಎಂದರು. ಕ್ಷಮಿಸಿದೆ ಎನ್ನಲಿಲ್ಲ.

ರೈಲಿನಲ್ಲಿ ಸ್ಫೂರ್ತಿ ಬೇರೆ ಸೀಟಿನಲ್ಲಿ ಕೂತಳು.

14 ಮಾರ್ಚ್, ಭಾನುವಾರ

ಒಂದು ವಾರ ಮನೆಯಲ್ಲಿ ಮಾತಿಲ್ಲ. ಸ್ಫೂರ್ತಿ ಅಡುಗೆ ಮಾಡಿ ಮುಚ್ಚಿಟ್ಟು ಚಾರ್ಟರ್ಡ್ ಬಸ್ಸಿಗೆ ಹೋಗುತ್ತಾಳೆ. ನಾನು ತಿಂದು ತಟ್ಟೆ ತೊಳೆದಿಡುತ್ತೇನೆ.

ಬೆಳಿಗ್ಗೆ ಶಾಂತಮ್ಮ ಫೋನು ಮಾಡಿದ್ದಳು. ಅವಳ ತಂಗಿಯ ಮಗಳ ಫೋಟೋ ಆಗಬೇಕಂತೆ, ಯುಗಾದಿಗೆ ಮುಂಚೆ. “ಲೀಲಮ್ಮನವರ ಹತ್ತಿರ ಹೋಗಿ” ಎಂದೆ. ಅವಳು ಅಯ್ಯೋ, ನೀವೇ ಅಲ್ಲವೇ ಹಾಗೆ ಹೇಳಿದ್ದು ಎಂದಳು. “ಹೇಳಿದ್ದು ನಾನೇ, ಹೊಟ್ಟೆಕಿಚ್ಚಿಗೆ ಹೇಳಿದ್ದು. ನಾನೂ ಹೆಂಡತಿ ಸತ್ತವನು ಶಾಂತಮ್ಮ. ನಿಮ್ಮ ಮಗಳ ಧಾರೆಯಲ್ಲಿ ಪಕ್ಕದಲ್ಲೇ ನಿಂತಿದ್ದೆ. ನನ್ನ ಕೈ ನಡೆಯುತ್ತೆ ಅಂದ್ರೆ ಅವರದೂ ನಡೆಯುತ್ತೆ.” ಅವಳು ಫೋನು ಇಟ್ಟಳು. ಈ ಮಾತು ಸಂಜೆಯೊಳಗೆ ಇಡೀ ಬಳಗಕ್ಕೆ ತಲುಪುತ್ತದೆ. ನನ್ನ ವರಾಂಡಕ್ಕೆ ಇನ್ನು ಯಾರೂ ಬರಲಿಕ್ಕಿಲ್ಲ.

ಲೀಲಮ್ಮನವರು ಕಳಿಸಿದ ಪ್ರಿಂಟು ನಿನ್ನೆ ಅಂಚೆಯಲ್ಲಿ ಬಂತು. ಭೂತಗನ್ನಡಿ ತೆಗೆಯಲಿಲ್ಲ. ಬೇಕಾಗಲಿಲ್ಲ.

ನಗು ಆಗಷ್ಟೇ ಆರಿದೆ, ತುಟಿಯ ಕೊನೆಯಲ್ಲಿ ಸ್ವಲ್ಪ ಉಳಿದಿದೆ. ಕಣ್ಣು ನೇರ ನನ್ನನ್ನು ನೋಡುತ್ತಿದೆ. ಸಿಟ್ಟಲ್ಲ, ಅಳುವಲ್ಲ. ಎದುರಿಗಿರುವ ಮನುಷ್ಯ ಎಷ್ಟು ತೂಗುತ್ತಾನೆ ಎಂದು ಲೆಕ್ಕ ಹಾಕುವ ನೋಟ. ಇಪ್ಪತ್ತಾರು ವರ್ಷ ಈ ಮುಖವನ್ನು ಕೂರಿಸಿ ಫೋಟೋ ತೆಗೆದಿದ್ದೇನೆ. ಇದನ್ನು ಒಮ್ಮೆಯೂ ಕಂಡಿರಲಿಲ್ಲ. ಇಂಥದ್ದೊಂದನ್ನು ನಾನು ತೆಗೆಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಈಗಲೂ ಉರಿಯುತ್ತಿದೆ, ಸುಳ್ಳು ಯಾಕೆ ಬರೆಯಲಿ.

ಮೇಜಿನ ಮೇಲೆ ಸ್ಫೂರ್ತಿಯ ಜಾತಕದ ಕವರು ಇತ್ತು. ಶಿವಮೊಗ್ಗದ ಕಡೆಯವರು ಕೇಳಿದ್ದಾರೆ, ನಾಳೆ ಕಳಿಸಬೇಕು. ನಾನು ವರಾಂಡದಲ್ಲಿ ತೆಗೆದ ನೇರಳೆ ಸೀರೆಯ ಫೋಟೋ ಒಳಗಿಟ್ಟಿದ್ದೆ. ಸ್ಫೂರ್ತಿ ಬಂದು ಅದನ್ನು ಹೊರಗೆಳೆದಳು. ಲೀಲಮ್ಮನವರು ತೆಗೆದದ್ದನ್ನು ಒಳಗೆ ಸೇರಿಸಿದಳು.

“ಇದನ್ನ ನೋಡಿದರೆ ಹೆದರಿಕೊಳ್ತಾರೆ ಕಣಮ್ಮ” ಎಂದೆ.

“ಹೆದರೋರು ಅಲ್ಲೇ ಇರಲಿ. ನನ್ನ ನೋಡೋಕೆ ಬರೋರಿಗೆ ನಾನೂ ನೋಡ್ತೀನಿ ಅಂತ ಗೊತ್ತಿರ್ಲಿ ಅಪ್ಪಾ.”

ವಾರದಲ್ಲಿ ಅವಳು ಆಡಿದ ಮೊದಲ ಮಾತು ಅದು. ನಾನು ಕವರಿಗೆ ಅಂಟು ಹಚ್ಚಿದೆ.